ತಳ ಮುಟ್ಟದ ಗುಂಡು

ಶಿರಾ ಗೇಟ್

ಇಟಲಿಗೆ ಹೋಗಿ ಬಂದೆ ಎಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಮಾತು, ವಾಲಿದ ಗೋಪುರ ನೋಡಿದೆಯಾ ಎಂದು. ನೋಡಲಿಲ್ಲ. ನೀರಿನ ಮೇಲೆ ಕಟ್ಟಿದ ಊರನ್ನೂ ನೋಡಲಿಲ್ಲ. ನಾನು ಮೂರು ವಾರ ಇದ್ದದ್ದು ಆ ದೇಶದ ಉತ್ತರಕ್ಕೆ, ಬ್ರೆಶಿಯಾ ಎಂಬ ಪಟ್ಟಣದಿಂದ ಬೆಟ್ಟಗಳ ಕಡೆಗೆ ಏರುವ ಒಂದು ಕಣಿವೆಯಲ್ಲಿ. ಅಲ್ಲಿ ನೋಡುವಂಥದ್ದೇನೂ ಇಲ್ಲವೆಂದು ಪ್ರವಾಸಿಗರು ಅತ್ತ ಹೋಗುವುದಿಲ್ಲ. ನಾನು ಒಂದೂ ಫೋಟೋ ತೆಗೆಯಲಿಲ್ಲ. ಆದರೂ ಬರೆಯುತ್ತಿದ್ದೇನೆ. ಆ ಮೂರು ವಾರಗಳ ನಡುವಿನ ಒಂದು ಭಾನುವಾರ, ನಮ್ಮ ಮನೆಯಲ್ಲಿ ಹದಿನಾಲ್ಕು ವರ್ಷದ ಹಿಂದೆ ಆದ ಸಾವಿನ ಕಾರಣ ನನಗೆ ತಿಳಿಯಿತು.

ತುಮಕೂರಿನ ಹೊರಗಿನ ಒಂದು ಕಾರ್ಖಾನೆಯಲ್ಲಿ ನಾನು ಮಷಿನ್ ಆಪರೇಟರ್. ಮಣ್ಣು ಅಗೆಯುವ ಯಂತ್ರಗಳ ತೋಳಿಗೆ ಬೇಕಾದ ಉದ್ದನೆಯ ಸಿಲಿಂಡರ್‌ಗಳನ್ನು ಮಾಡುತ್ತೇವೆ. ಆರಡಿ ಉದ್ದದ ಕಬ್ಬಿಣದಲ್ಲಿ ಕೂದಲೆಳೆಯಷ್ಟೂ ಆಚೀಚೆಯಾಗದೆ ತೂತು ಕೊರೆಯುವುದು ನನ್ನ ಕೆಲಸ. ಅದಕ್ಕೆಂದು ಹೊಸ ಮಷಿನ್ ಇಟಲಿಯಿಂದ ಬರುವುದಿತ್ತು. ಬರುವ ಮುಂಚೆ ಒಬ್ಬರು ಹೋಗಿ ಕಲಿತು ಬರಬೇಕು ಎಂದು ತೀರ್ಮಾನವಾಗಿ, ನನ್ನ ಹೆಸರು ಬಂತು.

"ಆ ಕಣಿವೆ ತುಂಬಾ ಬಂದೂಕು ಮಾಡೋರೇ ಕಣ್ರೀ ರುದ್ರೇಶ್," ಅಂದರು ನಮ್ಮ ಸೂಪರ್‌ವೈಸರ್. "ಈ ಮಷಿನ್ನೂ ಅಷ್ಟೇ, ಮೊದ್ಲು ಬಂದೂಕಿನ ನಳಿಗೆ ಕೊರಿಯೋಕೆ ಅಂತ ಮಾಡಿದ್ದು. ಹುಷಾರಾಗಿ ಹೋಗ್ಬನ್ನಿ."

ಅವರಿಗೆ ಗೊತ್ತಿರಲಿಲ್ಲ. ನಮ್ಮಣ್ಣ ಮಹಾಲಿಂಗಯ್ಯ ಸತ್ತದ್ದು ಬಂದೂಕು ಸಿಡಿದು.

ನಮ್ಮೂರು ಗುಬ್ಬಿ ತಾಲ್ಲೂಕಿನ ಕಡಬ. ಕೆರೆಯ ಹಿಂದಿನ ದಿಣ್ಣೆಯಲ್ಲಿ ನಮ್ಮ ಹೊಲ. ಅಪ್ಪನ ಕಾಲದಿಂದಲೂ ಬೆಳೆ ಕಾಯಲು ಲೈಸೆನ್ಸ್ ಇದ್ದ ಒಂದು ಕೇಪಿನ ಬಂದೂಕು ಮನೆಯಲ್ಲಿತ್ತು. ನಳಿಗೆಯ ಬಾಯಿಂದಲೇ ಮದ್ದು ಸುರಿದು, ಕಬ್ಬಿಣದ ಸರಳಿನಿಂದ ಗಿಡಿದು, ಹಿಂದೆ ಕಿಡಿ ಹತ್ತಿಸುವ ಕೇಪು ಸಿಕ್ಕಿಸಿ ಹೊಡೆಯುವ ಹಳೆಯ ಬಂದೂಕು. ಆ ಸರಳನ್ನು ನಮ್ಮ ಕಡೆ ಗಜ ಅನ್ನುತ್ತಾರೆ. ನಾವು ಲಿಂಗ ಕಟ್ಟಿದವರು, ಬೇಟೆಯಾಡುವವರಲ್ಲ. ಮದ್ದಿನ ಮೇಲೆ ತೆಂಗಿನ ನಾರು ಗಿಡಿದು ಢಂ ಅನ್ನಿಸಿದರೆ ಹಂದಿಗಳು ರಾಗಿ ಹೊಲ ಬಿಟ್ಟು ಓಡುತ್ತಿದ್ದವು, ಅಷ್ಟೇ. ಒಂದು ಸಂಜೆ ಅಣ್ಣ ಅದನ್ನು ಹೊಡೆದಾಗ ನಳಿಗೆ ಸಿಡಿಯಿತು. ತುಮಕೂರಿನ ಆಸ್ಪತ್ರೆ ಮುಟ್ಟುವ ಮುಂಚೆ ಜೀವ ಹೋಯಿತು.

ಅದಕ್ಕೆ ಒಂದು ತಿಂಗಳ ಹಿಂದೆ ಕುಣಿಗಲ್‌ನ ವೀರಭದ್ರಾಚಾರ್ರ ಹತ್ತಿರ ಬಂದೂಕು ರಿಪೇರಿ ಮಾಡಿಸಿದ್ದೆವು. ಆಚಾರ್ರು ನಳಿಗೆಯ ಬುಡದಲ್ಲಿ ಕೇಪು ಕೂರುವ ಮೊಳೆ ಬದಲಾಯಿಸಿದ್ದರು. ಪೊಲೀಸರು ಕೇಳಿದಾಗ ನಾನು ಹೇಳಿದೆ, ಬಂದೂಕು ತುಂಬಿಕೊಂಡದ್ದು ಅಣ್ಣನೇ, ಆಚಾರ್ರು ನಳಿಗೆ ಕಾಯಿಸಿ ಕಬ್ಬಿಣ ಮೆತ್ತಗೆ ಮಾಡಿಬಿಟ್ಟಿದ್ದರು ಎಂದು. ಮಷಿನ್ ಕೆಲಸದವನ ಮಾತು ಎಂದು ಎಲ್ಲರೂ ನಂಬಿದರು. ಆಚಾರ್ರ ಮೇಲೆ ಕೇಸಾಯಿತು. ಕೊನೆಗೆ ಸಾಕ್ಷಿ ಸಾಲದೆ ಬಿದ್ದುಹೋಯಿತು. ಆದರೆ ಅಷ್ಟರಲ್ಲಿ ಬಂದೂಕು ರಿಪೇರಿಯ ಲೈಸೆನ್ಸೂ ಹೋಗಿತ್ತು, ಗಿರಾಕಿಗಳೂ ಹೋಗಿದ್ದರು.

ಹೊರಡುವ ಮುನ್ನ ನನ್ನ ಹೆಂಡತಿ ಶಿರಾ ಗೇಟ್‌ನ ಅಂಗಡಿಯಲ್ಲಿ ಒಂದು ದಪ್ಪ ಸ್ವೆಟರ್ ಕೊಡಿಸಿದಳು. "ಇದೊಂದಿದ್ರೆ ಹಿಮಾಲಯಕ್ಕೂ ಹೋಗ್ಬೋದು," ಅಂದ ಅಂಗಡಿಯವ. ಇಟಲಿಯಲ್ಲಿ ಅದು ಸೊಳ್ಳೆಪರದೆಯಷ್ಟು ಮಾತ್ರ ಚಳಿ ತಡೆಯಿತು.

ಕಣಿವೆ, ಮೊದಲ ವಾರ

ಎರಡು ಕಡೆ ಬೆಟ್ಟ, ನಡುವೆ ಕಲ್ಲುಗಳ ಮೇಲೆ ಹರಿಯುವ ಸಣ್ಣ ಹೊಳೆ, ಹೊಳೆಗೆ ಅಂಟಿಕೊಂಡು ಕಾರ್ಖಾನೆಗಳು. ಮಧ್ಯಾಹ್ನ ಮೂರಕ್ಕೇ ಬಿಸಿಲು ಬೆಟ್ಟದ ಹಿಂದೆ ಹೋಗುತ್ತಿತ್ತು. ನಮ್ಮ ಬಯಲು ಸೀಮೆಯವನಿಗೆ ಆಕಾಶ ಅಷ್ಟು ಕಿರಿದಾಗಿ ಕಂಡರೆ ಉಸಿರು ಕಟ್ಟಿದಂತಾಗುತ್ತದೆ.

ನನಗೆ ಕೋಣೆ ಕೊಟ್ಟಿದ್ದು ಒಬ್ಬ ಮುದುಕಿಯ ಮನೆಯ ಮಹಡಿಯಲ್ಲಿ. ಮೊದಲ ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಕೆಳಗಿಳಿದೆ. ಆಕೆ ನನ್ನ ಹಣೆ ನೋಡಿ ಗಾಬರಿಯಾಗಿ ಗೋಡೆಯ ಕ್ಯಾಲೆಂಡರಿನ ಹತ್ತಿರ ಓಡಿದಳು. ಬೂದಿಯ ಹಬ್ಬ ಇವತ್ತೇನಾ, ತಾನು ಮರೆತೆನಾ ಎಂದು. ಅವರಲ್ಲಿ ವರ್ಷಕ್ಕೆ ಒಂದು ದಿನ ಬೂದಿ ಇಡುತ್ತಾರಂತೆ, ಮಾಡಿದ ಪಾಪ ನೆನೆದು ಪಶ್ಚಾತ್ತಾಪ ಪಡಲು. ನಾವು ದಿನಾ ಇಡುತ್ತೇವೆ ಎಂದು ಕೈಸನ್ನೆಯಲ್ಲಿ ಹೇಳಿದೆ. ಆಕೆ ಅಯ್ಯೋ ಪಾಪ ಎನ್ನುವ ಹಾಗೆ ನನ್ನ ಭುಜ ತಟ್ಟಿದಳು. ದಿನಾ ಬೂದಿ ಇಡಬೇಕಾದಷ್ಟು ಏನು ಮಾಡಿದ್ದಾನೋ ಎಂದುಕೊಂಡಿರಬೇಕು.

ಊಟದ್ದು ಕಷ್ಟವಾಗುತ್ತದೆ ಎಂದು ಹೆದರಿದ್ದೆ. ಎರಡನೇ ದಿನವೇ ಆಕೆ ತಾಮ್ರದ ಪಾತ್ರೆಯಲ್ಲಿ ಮುಸುಕಿನ ಜೋಳದ ಹಿಟ್ಟು ಹಾಕಿ, ಉದ್ದನೆಯ ಕೋಲಿನಿಂದ ತೊಳಸುತ್ತಿದ್ದಳು. ಥೇಟ್ ನಮ್ಮ ಮುದ್ದೆ. ಆದರೆ ಅವರು ಅದನ್ನು ಉಂಡೆ ಕಟ್ಟುವುದಿಲ್ಲ. ಮಣೆಯ ಮೇಲೆ ಸುರಿದು, ಆರಿದ ಮೇಲೆ ದಾರದಿಂದ ಕೊಯ್ಯುತ್ತಾರೆ. ಮೇಲೆ ಸಾರಿಲ್ಲ, ಬರೀ ಚೀಸು. ನಾನು ಊರಿಂದ ತಂದಿದ್ದ ಉಪ್ಪಿನಕಾಯಿ ಹಚ್ಚಿಕೊಂಡು ತಿಂದೆ. ಆಕೆಯೂ ಒಂದು ಚೂರು ರುಚಿ ನೋಡಿ, ಕಿಟಕಿ ತೆರೆದು ಸ್ವಲ್ಪ ಹೊತ್ತು ಅಲ್ಲೇ ನಿಂತಳು.

ಕಾರ್ಖಾನೆಯಲ್ಲಿ ನನಗೆ ಕಲಿಸಿದವರು ಪಿಯೆರೊ. ಅರವತ್ತು ದಾಟಿದವರು, ಮಾತು ಕಡಿಮೆ. ಅವರ ಮಾತನ್ನು ಹಿಂದಿಯಲ್ಲಿ ನನಗೆ ದಾಟಿಸುತ್ತಿದ್ದವನು ಗುರ್‌ಮೀತ್, ಪಂಜಾಬಿನಿಂದ ಬಂದು ಇಪ್ಪತ್ತು ವರ್ಷದಿಂದ ಅಲ್ಲೇ ಇರುವ ಕೆಲಸಗಾರ. ನನ್ನ ಹಿಂದಿ ಬಸ್‌ಸ್ಟ್ಯಾಂಡ್ ಹಿಂದಿ. ಹಾಗಾಗಿ ಒಂದು ಮಾತು ನನ್ನನ್ನು ಮುಟ್ಟುವಷ್ಟರಲ್ಲಿ ಎರಡು ಸಲ ಸವೆದಿರುತ್ತಿತ್ತು.

ಪಿಯೆರೊ ಕೊರೆದ ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಲು ಕೊಡುತ್ತಿದ್ದರು. ತೂತು ನೆಟ್ಟಗಿದ್ದರೆ ಒಳಗೋಡೆಯಲ್ಲಿ ಬೆಳಕು ಉಂಗುರ ಉಂಗುರವಾಗಿ, ಒಂದರೊಳಗೊಂದು ಕಾಣುತ್ತದೆ. ಎಲ್ಲಾದರೂ ಸೊಟ್ಟವಾಗಿದ್ದರೆ ಅಲ್ಲಿ ಉಂಗುರ ಮುರಿಯುತ್ತದೆ. ನಾನು ಮೂರನೇ ಉಂಗುರ ಮುರಿದಿದೆ ಎಂದು ತೋರಿಸಿದ ದಿನ ಅವರಿಗೆ ನನ್ನ ಮೇಲೆ ಪ್ರೀತಿ ಬಂತು. ಭಾನುವಾರ ಗುಡ್ಡದ ಮೇಲೆ ನಮ್ಮ ಕ್ಲಬ್ಬಿದೆ, ಹಳೇ ಬಂದೂಕು ಹೊಡೆಯುತ್ತೇವೆ, ಬಾ ಎಂದರು.

ಬರುವುದಿಲ್ಲ ಎನ್ನಲು ಒಂದು ನೆಪ ಹುಡುಕಿದೆ. ಹಿಂದಿಯಲ್ಲಿ ಸಿಗಲಿಲ್ಲ.

ಭಾನುವಾರ, ಗುಡ್ಡದ ಮೇಲೆ

ನಮ್ಮಲ್ಲಿ ಭಾನುವಾರ ಕ್ರಿಕೆಟ್ ಆಡಲು ಸೇರುವ ಹಾಗೆ ಹತ್ತು ಹನ್ನೆರಡು ಜನ ಮುದುಕರು ಸೇರಿದ್ದರು. ಮರದ ಮೇಜಿನ ಮೇಲೆ ಸಾಲಾಗಿ ಬಂದೂಕುಗಳು. ಹೊಸದಾಗಿ ಮಾಡಿದ ಹಳೇ ಮಾದರಿಯವು, ಎಲ್ಲವೂ ಬಾಯಿಂದ ತುಂಬುವಂಥವು. ನಮ್ಮ ಮನೆಯಲ್ಲಿದ್ದದ್ದರ ಅಣ್ಣತಮ್ಮಂದಿರು. ಕಾಫಿಯನ್ನು ಒಂದು ಗುಟುಕಿಗೆ ಕುಡಿದು, ಒಬ್ಬರಿಗೊಬ್ಬರು ಮಾತಾಡದೆ ಪೂಜೆಗೆ ಕೂತವರ ಹಾಗೆ ಕೆಲಸಕ್ಕೆ ಕೂತರು.

ಪಿಯೆರೊ ತುಂಬುವುದನ್ನು ಪಕ್ಕದಲ್ಲೇ ನಿಂತು ನೋಡಿದೆ. ಮೊದಲು ಬರೀ ಕೇಪು ಸಿಡಿಸಿ ಕಿಡಿ ಹೋಗುವ ದಾರಿ ತೆರೆದಿದೆಯೇ ನೋಡಿಕೊಂಡರು. ಹಿತ್ತಾಳೆಯ ಅಳತೆಯಲ್ಲಿ ಮದ್ದು ಅಳೆದು ನಳಿಗೆಗೆ ಸುರಿದರು. ನಳಿಗೆಯ ಬಾಯ ಮೇಲೆ ರೂಪಾಯಿ ಬಿಲ್ಲೆಗಿಂತ ಸ್ವಲ್ಪ ದೊಡ್ಡದಾದ, ಮೇಣ ಸವರಿದ ಬಟ್ಟೆಯ ಚೂರು ಇಟ್ಟು, ಅದರ ಮೇಲೆ ಗೋಲಿಯಂಥ ಸೀಸದ ಗುಂಡು ಕೂರಿಸಿದರು. ಗುಂಡು ನಳಿಗೆಗಿಂತ ಕೂದಲೆಳೆಯಷ್ಟು ಚಿಕ್ಕದು. ಆ ಸಂದನ್ನು ತುಂಬುವುದು ಬಟ್ಟೆ. ಗಿಡ್ಡ ಕೋಲಿನಿಂದ ಒಂದೇಟು ಹಾಕಿ ಒಳಗೆ ತಳ್ಳಿ, ಆಮೇಲೆ ಉದ್ದನೆಯ ಗಜದಿಂದ ಕೆಳಗಿಳಿಸಿದರು. ಗುಂಡು ಮದ್ದಿನ ಮೇಲೆ ಕೂತ ಮೇಲೂ ಕೈ ತೆಗೆಯಲಿಲ್ಲ. ಬಗ್ಗಿ ಗಜವನ್ನು ನೋಡಿದರು. ಗಜದ ಮೇಲೆ ಉಗುರಿನಷ್ಟು ಅಗಲದ ಒಂದು ಗೀರು ಇತ್ತು. ಗೀರು ನಳಿಗೆಯ ಬಾಯಿಗೆ ಸರಿಯಾಗಿ ನಿಂತಿದೆ ಎಂದು ಖಾತ್ರಿಯಾದ ಮೇಲೆಯೇ ಗಜ ಹೊರತೆಗೆದು ಕೇಪು ಇಟ್ಟರು.

"ಆ ಗೀರು ಯಾಕೆ?" ಎಂದು ಕೇಳಿದೆ.

"ಗುಂಡು ತಳಕ್ಕೆ ಕೂತಿದೆ ಅಂತ ಕೈ ಹೇಳುತ್ತೆ, ಕೈ ಮಾತು ನಂಬಬಾರದು ಅಂತಾರೆ," ಎಂದ ಗುರ್‌ಮೀತ್.

ಪಕ್ಕದ ಮೇಜಿನವರು ಹೊಡೆಯುತ್ತಿದ್ದದ್ದು ಬೇರೆ ಥರದ ಗುಂಡು. ಮೂತಿ ಚೂಪು, ಬುಡ ಟೊಳ್ಳು, ಹೊಟ್ಟೆಯ ಸುತ್ತ ಉಂಗುರದಂತೆ ತೋಡಿದ ಕಚ್ಚುಗಳು. ಅದಕ್ಕೆ ಬಟ್ಟೆ ಬೇಡ. ಕಚ್ಚುಗಳಿಗೆ ಜಿಡ್ಡು ಸವರಿ ಬಾಯಿಗಿಟ್ಟರೆ ತಾನೇ ಜಾರಿ ಇಳಿಯುತ್ತದೆ. ಮದ್ದು ಹತ್ತಿದಾಗ ಟೊಳ್ಳು ಬುಡ ಅರಳಿ ನಳಿಗೆಯೊಳಗಿನ ಸುರುಳಿ ಗೀರುಗಳನ್ನು ಕಚ್ಚಿಕೊಳ್ಳುತ್ತದೆ. ಆ ಜಿಡ್ಡು ಯಾವುದರದ್ದು ಎಂದು ನಾನು ಮೊದಲು ಕೇಳಿದೆ. ಬಂದೂಕಿನ ತೋಟಾಗಳಿಗೆ ಸವರಿದ್ದ ದನ, ಹಂದಿಯ ಕೊಬ್ಬಿನಿಂದ ಸಿಪಾಯಿಗಳು ತಿರುಗಿಬಿದ್ದದ್ದನ್ನು ಶಾಲೆಯಲ್ಲಿ ಓದಿದ್ದೆನಲ್ಲ. ಗುರ್‌ಮೀತ್ ನಕ್ಕ. ಪಿಯೆರೊ ನಗಲಿಲ್ಲ. ಡಬ್ಬಿ ತೆಗೆದು ಮೂಸಲು ಕೊಟ್ಟರು. ಜೇನುಮೇಣ, ಆಲಿವ್ ಎಣ್ಣೆ.

"ಇದು ಸಲೀಸಲ್ಲವಾ?" ಅಂದೆ.

ಸಲೀಸಾದ್ದರಿಂದಲೇ ಇದರ ಭಯ ಬೇರೆ ಎಂದರು. ಬಟ್ಟೆ ಸುತ್ತಿದ ದುಂಡು ಗುಂಡು ಅರ್ಧ ದಾರಿಯಲ್ಲಿ ಸಿಕ್ಕಿಕೊಳ್ಳಬಹುದು. ಇದು ತಳ ಮುಟ್ಟಿದ ಮೇಲೂ, ಬಂದೂಕಿನ ಬಾಯಿ ಕೆಳಗಾದರೆ ವಾಪಸು ಜಾರಬಹುದು. ಎರಡರಲ್ಲೂ ಗುಂಡಿಗೂ ಮದ್ದಿಗೂ ನಡುವೆ ಖಾಲಿ ಜಾಗ ಉಳಿಯುತ್ತದೆ. ಆ ಖಾಲಿ ಜಾಗ ಇರಬಾರದು.

ಇರಬಾರದು ಎಂದರೇನು, ಇದ್ದರೆ ಏನಾಗುತ್ತದೆ ಎಂದು ಆಗ ಕೇಳಲಿಲ್ಲ.

ಅದೇ ದಿನ, ನಾಲ್ಕನೇ ಗುಂಡು

ನನ್ನ ಕೈಗೂ ಒಂದು ಬಂದೂಕು ಕೊಟ್ಟರು. ಹದಿನಾಲ್ಕು ವರ್ಷ ಮುಟ್ಟಿರಲಿಲ್ಲ. ದುಂಡು ಗುಂಡು, ಬಟ್ಟೆ. ಪಿಯೆರೊ ಹೇಳಿಕೊಟ್ಟಂತೆ ತುಂಬಿ ಹೊಡೆದೆ. ಬಿಳಿ ಹೊಗೆ, ಕೊಳೆತ ಮೊಟ್ಟೆಯ ವಾಸನೆ. ಆ ವಾಸನೆ ಮೂಗಿಗೆ ಬಡಿದಾಗ ಕಡಬದ ದಿಣ್ಣೆಯೇ ಕಣ್ಣ ಮುಂದೆ ಬಂತು. ಆದರೆ ಬಂದೂಕು ಕೆಳಗಿಡಲಿಲ್ಲ. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಎರಡನೆಯದು, ಮೂರನೆಯದು ಹೊಡೆದೆ. ಮೂರನೆಯದು ಹಲಗೆಗೆ ಬಿತ್ತು.

ಪ್ರತಿ ಸಲವೂ ಒದ್ದೆ ಬಟ್ಟೆಯಿಂದ ನಳಿಗೆಯ ಮಸಿ ಒರೆಸಬೇಕಿತ್ತು. ಮೂರನೆಯದಾದ ಮೇಲೆ ಖುಷಿಯಲ್ಲಿ ಮರೆತೆ. ಮದ್ದು ಸುರಿದೆ, ಬಟ್ಟೆ, ಗುಂಡು, ಗಿಡ್ಡ ಕೋಲಿನ ಏಟು. ಗಜ ಹಾಕಿ ತಳ್ಳಿದೆ. ಸ್ವಲ್ಪ ಬಿಗಿ. ಇನ್ನಷ್ಟು ತಳ್ಳಿದೆ. ನಿಂತಿತು. ಕೂತಿತು ಎಂದುಕೊಂಡು ಕೇಪಿನ ಡಬ್ಬಿಗೆ ಕೈ ಹಾಕಿದೆ.

ಪಿಯೆರೊ ಒಂದೇ ಒಂದು ಶಬ್ದ ಕೂಗಿದರು. ಮೈದಾನದಲ್ಲಿ ಎಲ್ಲರ ಕೈಗಳೂ ನಿಂತವು. ಅವರು ಬಂದು ನನ್ನ ಕೈಯಿಂದ ಕೇಪಿನ ಡಬ್ಬಿ ತೆಗೆದುಕೊಂಡು, ಗಜದ ಮೇಲಿನ ಗೀರನ್ನು ಬೆರಳಿನಿಂದ ತೋರಿಸಿದರು. ಗೀರು ನಳಿಗೆಯ ಬಾಯಿಗಿಂತ ಪೂರ್ತಿ ಒಂದು ಗೇಣು ಮೇಲಿತ್ತು. ಗಜದ ತಲೆ ನನ್ನ ಎದೆಯ ಮಟ್ಟಕ್ಕೆ ನಿಂತಿತ್ತು.

ಎದೆಯ ಮಟ್ಟ. ಅಣ್ಣ ಸತ್ತ ದಿನವೂ ಅಲ್ಲೇ ನಿಂತಿತ್ತು. ದಿನಾ ನಾರು ಗಿಡಿಯುವಾಗ ನಮ್ಮ ಗಜದ ತಲೆ ನನ್ನ ಹೊಟ್ಟೆಯ ಹತ್ತಿರ ಬಂದು ನಿಲ್ಲುತ್ತಿತ್ತು. ಅವತ್ತು ಎದೆಯ ಹತ್ತಿರ ನಿಂತಿತು. ನೋಡಿದ್ದೆ. ಇವತ್ತು ನಾರಲ್ಲ, ಗುಂಡು ಇದೆಯಲ್ಲ, ಅದಕ್ಕೇ ಇರಬೇಕು ಎಂದುಕೊಂಡಿದ್ದೆ.

ಗುರ್‌ಮೀತ್ ನನ್ನನ್ನು ಬೆಂಚಿನ ಮೇಲೆ ಕೂರಿಸಿದ. ಪಿಯೆರೊ ಬುಡದ ಮೊಳೆಯಲ್ಲಿ ಒಂದಿಷ್ಟು ಎಣ್ಣೆ ಬಿಟ್ಟು ಮದ್ದು ಸಾಯಿಸಿದರು. ಗಜದ ತುದಿಗೆ ಸ್ಕ್ರೂ ಸಿಕ್ಕಿಸಿ, ಸೀಸದೊಳಗೆ ತಿರುಗಿಸಿ, ಇಬ್ಬರು ಎರಡು ಕಡೆ ಹಿಡಿದು ಎಳೆದು ಗುಂಡನ್ನು ಹೊರತೆಗೆದರು. ಅದನ್ನು ತಂದು ನನ್ನ ಅಂಗೈಯಲ್ಲಿಟ್ಟರು. ಗುಂಡಿನ ಮೈಮೇಲೆ ಬಟ್ಟೆಯ ನೇಯ್ಗೆ ಎಳೆ ಎಳೆಯಾಗಿ ಅಚ್ಚೊತ್ತಿತ್ತು.

ಅಲ್ಲೇ ಕೂತು ಹೇಳಿದೆ. ನನ್ನ ಹರಕು ಹಿಂದಿಯಲ್ಲಿ, ಪಂಜಾಬಿನ ಒಬ್ಬನಿಗೆ, ಅವನು ಅದನ್ನು ಇನ್ನೊಬ್ಬರಿಗೆ. ಹೆಂಡತಿಗೂ ಹೇಳದಿದ್ದ ಮಾತು.

ಅವತ್ತು ಬಂದೂಕು ತುಂಬಿದ್ದು ನಾನು. ಹಿಂದಿನ ದಿನ ಒಂದು ಹಂದಿ ನಮ್ಮ ಆಳಿನ ತೊಡೆ ಸೀಳಿತ್ತು. ಇವತ್ತು ಗುಂಡು ಹಾಕು ಎಂದ ಅಣ್ಣ. ನಾವಿಬ್ಬರೂ ಎಂದೂ ಗುಂಡು ತುಂಬಿದವರಲ್ಲ. ಹಳೇ ಪಂಚೆಯ ಚೂರನ್ನು ಬಿಗಿಯಾಗಲಿ ಎಂದು ಎರಡು ಮಡಿಕೆ ಮಾಡಿ ಗುಂಡಿಗೆ ಸುತ್ತಿದೆ. ವಾರವಿಡೀ ನಾರು ಸಿಡಿಸಿ ಮಸಿ ಕಟ್ಟಿದ್ದ ನಳಿಗೆ, ಒಮ್ಮೆಯೂ ಒರೆಸಿರಲಿಲ್ಲ. ಗಜ ನಿಂತಾಗ ಅಣ್ಣ ಕೇಳಿದ, "ಇಳೀತೇನ್ಲಾ?" ನಾನು "ಇಳೀತು ಕಣಣ್ಣ" ಎಂದೆ. ಅವನು ಬಂದೂಕು ಎತ್ತಿಕೊಂಡು ಹೋದ. ನಾನು ಹೊಂಗೆ ಮರದ ಕೆಳಗೆ ನಿಂತು ನೋಡುತ್ತಿದ್ದೆ. ಇನ್ನೂ ಬೆಳಕಿತ್ತು. ಲೈಸೆನ್ಸ್ ಅಣ್ಣನ ಹೆಸರಿನಲ್ಲಿತ್ತು, ಬೇರೆಯವರು ಮುಟ್ಟಿದರೆ ಅಪರಾಧ. ಹೆದರಿ, ಅಣ್ಣನೇ ತುಂಬಿಕೊಂಡ ಎಂದು ಹೇಳಿಕೆ ಕೊಟ್ಟೆ. ನಳಿಗೆ ಸಿಡಿದದ್ದು ಮಾತ್ರ ಆಚಾರ್ರ ಕೆಲಸದಿಂದಲೇ ಎಂದು ನಿಜವಾಗಿಯೂ ನಂಬಿದ್ದೆ. ಇವತ್ತಿನವರೆಗೆ.

ಪಿಯೆರೊ ಕೇಳಿದ್ದು ಮೂರೇ ಪ್ರಶ್ನೆ.

ನಳಿಗೆ ಎಲ್ಲಿ ಸಿಡಿದಿತ್ತು? ಅವರ ಬಂದೂಕಿನ ಮೇಲೆಯೇ ತೋರಿಸಿದೆ, ನಡುವಿನಲ್ಲಿ, ಎಡಗೈ ಹಿಡಿಯುವ ಜಾಗದಲ್ಲಿ.

ಆಚಾರಿ ಕೆಲಸ ಮಾಡಿದ್ದು ಎಲ್ಲಿ? ಬುಡದಲ್ಲಿ. ಬುಡ ಹೇಗಿತ್ತು? ಪೊಲೀಸ್ ಸ್ಟೇಷನ್ನಿನ ಮೇಜಿನ ಮೇಲೆ ಕಂಡದ್ದನ್ನು ನೆನಪು ಮಾಡಿಕೊಂಡೆ. ಬುಡ ಹಾಗೇ ಇತ್ತು. ಹೊಸ ಮೊಳೆ ಹೊಳೆಯುತ್ತಾ ಅದರ ಜಾಗದಲ್ಲೇ ಇತ್ತು.

ಅವರು ಎದ್ದು ಹೋಗಿ ಕ್ಲಬ್ಬಿನ ಬೀರುವಿನಿಂದ ಉದ್ದಕ್ಕೆ ಸೀಳಿದ ಒಂದು ಹಳೇ ನಳಿಗೆ ತಂದರು. ಹೊಸಬರಿಗೆ ತೋರಿಸಲು ಇಟ್ಟುಕೊಂಡದ್ದು. ಬುಡ ನೆಟ್ಟಗಿತ್ತು, ಬಾಯಿ ನೆಟ್ಟಗಿತ್ತು. ನಡುವೆ ಒಂದು ಕಡೆ ಇಲಿ ನುಂಗಿದ ಹಾವಿನ ಹೊಟ್ಟೆಯಂತೆ ಕಬ್ಬಿಣ ಉಬ್ಬಿ, ಉಬ್ಬಿದಲ್ಲಿ ಬಿರಿದಿತ್ತು. ಗುಂಡು ಇಲ್ಲಿ ನಿಂತಿತ್ತು ಎಂದು ಬೆರಳಿಟ್ಟರು. ದಿನಾ ನಳಿಗೆಯ ಒಳಗೇ ಕಣ್ಣಿಟ್ಟು ಸಂಬಳ ತೆಗೆದುಕೊಳ್ಳುವವನು ನಾನು. ಖಾಲಿ ಜಾಗದಲ್ಲಿ ನುಗ್ಗಿ ಬಂದ ಮದ್ದಿನ ಒತ್ತಡ ನಿಂತ ಗುಂಡಿಗೆ ಬಡಿದು ಅಲ್ಲೇ ಕಬ್ಬಿಣ ಬಿರಿಯಿತು ಎಂದು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಪಿಯೆರೊ ಇನ್ನೇನೋ ಹೇಳಿದರು. ಗುರ್‌ಮೀತ್ ಅದನ್ನು ದಾಟಿಸದೆ ನೆಲ ನೋಡಿದ. "ಭಾಯಿಸಾಬ್, ಹದಿನಾಲ್ಕು ವರ್ಷ ಆಗಿದೆ. ಬಿಟ್ಟುಬಿಡಿ," ಎಂದ.

"ಅವರು ಏನಂದರು, ಹೇಳು," ಅಂದೆ.

"ಆ ಆಚಾರಿ ಬದುಕಿದ್ದಾನಾ ಅಂತ ಕೇಳಿದರು."

ಉಳಿದ ದಿನಗಳು

ಉಳಿದ ಹತ್ತು ದಿನ ಮಷಿನ್ ಕಲಿತೆ. ಚೆನ್ನಾಗಿಯೇ ಕಲಿತೆ, ಅದರಲ್ಲಿ ಸುಳ್ಳಿಲ್ಲ. ಕೈಗೆ ಕೆಲಸವಿದ್ದಾಗ ತಲೆ ಸುಮ್ಮನಿರುತ್ತಿತ್ತು. ಕೋಣೆಗೆ ಬಂದರೆ ಇರುತ್ತಿರಲಿಲ್ಲ. ಊಟ ಸೇರದ್ದನ್ನು ನೋಡಿ ಮನೆಯೊಡತಿ ನನಗೆ ಕಾಯಿಲೆ ಎಂದು ತಿಳಿದು, ಯಾವುದೋ ಸೊಪ್ಪು ಕುದಿಸಿದ ಕಹಿ ನೀರು ಕೊಟ್ಟಳು. ಕುಡಿದೆ. ನಮ್ಮ ಅಮೃತಬಳ್ಳಿ ಕಷಾಯಕ್ಕಿಂತ ಕಹಿ.

ಬರುವಾಗ ಬ್ರೆಶಿಯಾದ ಸ್ಟೇಷನ್ನಿನಲ್ಲಿ ತಪ್ಪು ರೈಲು ಹತ್ತಿ, ಒಂದು ದೊಡ್ಡ ಸರೋವರದ ದಡಕ್ಕೆ ಹೋಗಿ ಇಳಿದೆ. ನೀಲಿ ನೀರು, ಹಿಂದೆ ಹಿಮದ ಬೆಟ್ಟ. ಇಡೀ ಪ್ರವಾಸದಲ್ಲಿ ನೋಡಬೇಕಾದ ಜಾಗ ಎಂದು ಕಂಡದ್ದು ಅದೊಂದೇ. ಬೆಂಚಿನ ಮೇಲೆ ಕೂತು, ವಾಪಸು ಹೋಗುವ ರೈಲಿನ ಹೊತ್ತಿಗಾಗಿ ಗಡಿಯಾರ ನೋಡುತ್ತಿದ್ದೆ.

ಕಡಬ

ಊರಿಗೆ ಬಂದ ಮೊದಲ ಭಾನುವಾರ ಕಡಬಕ್ಕೆ ಹೋದೆ. ಅತ್ತಿಗೆ ಗಿರಿಜಮ್ಮ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

"ಏನೋ ರುದ್ರೇಶ, ಫಾರಿನ್‌ಗೆ ಹೋಗ್ಬಂದೋನು ಹಿಂಗ್ ಇಳ್ದೋಗಿದೀಯಲ್ಲೋ. ಅಲ್ಲಿ ಊಟಕ್ಕೆ ಹಾಕ್ಲಿಲ್ವೇನೋ?"

ಕೂತು ಹೇಳಿದೆ. ಮೊದಲಿನಿಂದ ಕೊನೆಯವರೆಗೆ, ಏನೂ ಬಿಡದೆ. ಅವರ ಕೈ ಸುಲಿಯುತ್ತಲೇ ಇತ್ತು. "ಇಳೀತು ಕಣಣ್ಣ" ಎಂದಲ್ಲಿಗೆ ಬಂದಾಗ ನಿಂತಿತು.

ಹೇಳಿ ಮುಗಿಸಿದೆ. ಅತ್ತಿಗೆ ಮಡಿಲಿನ ಸಿಪ್ಪೆ ಕೊಡವಿ ಎದ್ದು ನಿಂತರು.

"ಹದಿನಾಲ್ಕು ವರ್ಷ ನನ್ ಕೈಯಾಗಿನ ಊಟ ಉಂಡಿದೀಯಲ್ಲೋ."

ನಾನು ಚೆಲ್ಲಿದ ಸಿಪ್ಪೆ ಆಯುತ್ತಿದ್ದೆ.

"ಗುಂಡು ಸಿಕ್ಕಾಕ್ಕಂಡಿದ್ದು ನಿಂಗೂ ಗೊತ್ತಿರ್ಲಿಲ್ಲ, ಅವ್ರಿಗೂ ಗೊತ್ತಿರ್ಲಿಲ್ಲ. ಅದು ನಮ್ ಹಣೇಬರ ಬುಡು. ತುಂಬ್ದೋನು ನಾನು ಅಂತ ಒಂದ್ ಮಾತು ಹೇಳಕ್ಕೆ ಏನಾಗಿತ್ತೋ ನಿಂಗೆ?" ಅವರ ದನಿ ಏರಲಿಲ್ಲ. ಏರಿದ್ದರೆ ತಡೆದುಕೊಳ್ಳಬಹುದಿತ್ತು. "ಹನ್ನೊಂದನೇ ದಿನ ಆಚಾರ್ರ ಹೆಂಡ್ತಿ ಬಂದಿದ್ಲು. ನಮ್ಮೋರು ತಪ್ಪು ಮಾಡಿಲ್ಲ ತಾಯಿ ಅಂತ ಬಾಗ್ಲಲ್ಲಿ ನಿಂತಿದ್ಲು. ನಿನ್ ಮನೇನೂ ಹಿಂಗೇ ಆಗ್ಲಿ ಅಂತ ಶಾಪ ಹಾಕಿ ಕಳಿಸ್ದೆ ನಾನು. ನನ್ ಬಾಯಲ್ಲಿ ಆ ಮಾತು ಆಡಿಸ್ದೋನು ನೀನು."

ಒಳಗೆ ಹೋಗಿ ಒಂದು ನೋಟ್‌ಬುಕ್ಕು, ಪೆನ್ನು ತಂದು ನನ್ನ ಮುಂದಿಟ್ಟರು. "ಬಾಯ್ ಮಾತು ಬ್ಯಾಡ. ಬರಿ. ನಂಗೆ ಹೇಳ್ದಂಗೇ ಬರಿ. ನಾಳಿಕ್ಕೆ ಇಬ್ರೂ ಹೋಗಾಣ."

ಅವತ್ತು ಅವರು ನನಗೆ ಊಟ ಬಡಿಸಲಿಲ್ಲ. ನಾನೂ ಕೇಳಲಿಲ್ಲ.

ಗುಬ್ಬಿ

ಗುಬ್ಬಿ ಸ್ಟೇಷನ್ನಿನಲ್ಲಿದ್ದ ಪೊಲೀಸಿನವರು ಪತ್ರವನ್ನು ಎರಡು ಸಲ ಓದಿದರು. ಹಳೇ ಕೇಸು, ಫೈಲು ಎಲ್ಲಿದೆಯೋ ನೋಡಬೇಕು ಎಂದರು. "ನೀವಾಗೇ ಬಂದು ತಗಲಾಕ್ಕೊಳ್ತಿದೀರಲ್ರೀ. ಯೋಚ್ನೆ ಮಾಡಿದೀರಾ? ಸುಳ್ಳು ಹೇಳಿಕೆ ಕೊಟ್ಟಿದ್ದು ಅಂತ ಮುಂದೆ ಕರೆಸಬೋದು."

"ಕರೆಸಿ ಸಾರ್, ಬರ್ತೀನಿ."

ಅವರು ಅತ್ತಿಗೆಯ ಮುಖ ನೋಡಿದರು. ಅತ್ತಿಗೆ "ತಗಳಿ ಸ್ವಾಮಿ" ಎಂದರು. ಪೊಲೀಸಿನವರು ನಕಲಿನ ಮೇಲೆ ಸೀಲು ಒತ್ತಿ ಕೊಟ್ಟರು. ಮುಂದೆ ಏನಾಗುತ್ತದೋ ಇದನ್ನು ಬರೆಯುವ ಹೊತ್ತಿಗೂ ನನಗೆ ಗೊತ್ತಿಲ್ಲ. ಕಾರ್ಖಾನೆಯಲ್ಲಿ ಹೇಳಿದ್ದೇನೆ. ಅವರು ಇನ್ನೂ ಏನೂ ಅಂದಿಲ್ಲ.

ಕುಣಿಗಲ್

ವೀರಭದ್ರಾಚಾರ್ರ ಅಂಗಡಿ ಮೊದಲಿದ್ದ ಜಾಗದಲ್ಲೇ ಇದೆ, ಅರ್ಧ ಮಾತ್ರ. ಇನ್ನರ್ಧದಲ್ಲಿ ಮೊಬೈಲ್ ರಿಪೇರಿ. ಅಕ್ಕಪಕ್ಕ ಟೀ ಅಂಗಡಿ, ಹಾರ್ಡ್‌ವೇರ್, ಎದುರು ಸಾಲಿನಲ್ಲಿ ಗೊಬ್ಬರದಂಗಡಿ. ಆಚಾರ್ರು ಬಾಗಿಲಲ್ಲಿ ಗೋಣಿಚೀಲ ಹಾಸಿಕೊಂಡು ಕುಡುಗೋಲಿಗೆ ಅರ ಹಾಕುತ್ತಿದ್ದರು. ಮೊದಲು ಗುಂಡಗಿದ್ದ ಮೈ ಒಣಗಿ ಕಡ್ಡಿಯಾಗಿತ್ತು. ನನ್ನನ್ನು ಕೂಡಲೇ ಗುರುತು ಹಿಡಿದರು.

"ಬಾಪ್ಪಾ," ಎಂದರು, ಅಷ್ಟೇ. ಅರ ನಿಲ್ಲಿಸಲಿಲ್ಲ.

ಜೊತೆಗೆ ಬಂದಿದ್ದ ಅತ್ತಿಗೆ ಮುಂದೆ ಬಂದರು. "ನಿಮ್ ಮನೆಯವ್ರು ಎಲ್ಲವ್ರೆ ಆಚಾರ್ರೇ? ಅವ್ರನ್ನ ನೋಡ್ಬೇಕಿತ್ತು ನಾನು."

"ಅವ್ಳು ಹೋಗಿ ಆರು ವರ್ಷ ಆಯ್ತು ತಾಯಿ."

ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ಹಾರ್ಡ್‌ವೇರ್ ಅಂಗಡಿಯ ಗೋಡೆಗೆ ಒರಗಿ ನಿಂತರು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಅವರು ತುಟಿಯಲ್ಲೇ ಏನನ್ನೋ ಜೋಡಿಸಿಕೊಳ್ಳುತ್ತಿದ್ದರು. ಅದನ್ನು ಹೇಳಬೇಕಾದವಳು ಇರಲಿಲ್ಲ.

ನಾನು ಆಚಾರ್ರ ಮುಂದೆ ಕುಕ್ಕರಗಾಲಲ್ಲಿ ಕೂತೆ. "ಆಚಾರ್ರೇ, ಬಂದೂಕು ತುಂಬಿದ್ದು ನಾನು. ಗುಂಡು ತಳಕ್ಕೆ ಇಳಿದಿರ್ಲಿಲ್ಲ. ಅದಕ್ಕೇ ಸಿಡಿದಿದ್ದು. ನಿಮ್ ಕೆಲ್ಸ ಸರಿಯಾಗೇ ಇತ್ತು."

"ಗೊತ್ತು."

"ಗೊತ್ತಾ?"

"ಸ್ಟೇಷನ್ನಾಗೆ ನಂಗೂ ತೋರ್ಸಿದ್ರಲ್ಲಪ್ಪಾ ಆ ನಳಿಗೇನ. ನಡುವ್ನಲ್ಲಿ ಬಿರ್ದಿತ್ತು. ನಾನು ಮುಟ್ಟಿದ್ದು ಬುಡಾನ. ಗುಂಡು ಸಿಕ್ಕಾಕ್ಕಂಡೈತೆ ಸಾಮಿ ಅಂದೆ. ಸುಮ್ನಿರಯ್ಯ, ಫ್ಯಾಕ್ಟ್ರಿನಲ್ಲಿ ಕಬ್ಬಿಣದ್ ಕೆಲ್ಸ ಮಾಡೋ ಹುಡ್ಗ ಹೇಳವ್ನೆ, ಅವ್ನಿಗಿಂತ ನಿಂಗೆ ಗೊತ್ತಾ ಅಂದ್ರು." ಅವರು ಕುಡುಗೋಲನ್ನು ಬೆಳಕಿಗೆ ಹಿಡಿದು ಅಲಗು ನೋಡಿದರು. "ನಮ್ಮಪ್ಪ, ನಮ್ ತಾತ ಎಲ್ಲ ಇದೇ ಕೆಲ್ಸ ಮಾಡಿದ್ದು. ಈ ಸಾಲ್ನಲ್ಲಿ ನಂಗೆ ಏನಂತ ಹೆಸ್ರು ಇಕ್ಕವ್ರೆ ಗೊತ್ತೇನಪ್ಪಾ? ಕೊಲೆ ಆಚಾರಿ. ಟೀ ಕುಡಿಯಕ್ಕೆ ಹೋದ್ರೂ ಹಂಗೇ ಅನ್ನೋರು. ನನ್ ಹೆಂಡ್ತಿ ಅಂಗ್ಡಿ ಕಡೀಕೆ ಬರೋದೇ ಬಿಟ್ಲು."

ತಪ್ಪಾಯಿತು ಎಂದು ಹೇಳಲು ಬಾಯಿ ತೆರೆದೆ. ಅವರು ಅರ ಹಿಡಿದ ಕೈ ಎತ್ತಿ ತಡೆದರು.

"ಅದೆಲ್ಲ ಬ್ಯಾಡ. ಆ ಕಾಗ್ದದಲ್ಲಿ ಏನೈತೆ?"

ಪತ್ರ ಕೊಟ್ಟೆ. ಸೀಲನ್ನು ಹೆಬ್ಬೆರಳಿನಿಂದ ಸವರಿ ನೋಡಿ ವಾಪಸು ಕೊಟ್ಟರು.

"ಓದು."

ಮೆಲ್ಲಗೆ ಓದಲು ಶುರು ಮಾಡಿದೆ.

"ನಂಗಲ್ಲ. ನಂಗೆ ಗೊತ್ತಿರೋದೇ. ಎದ್ ನಿಂತ್ಕಂಡು ಓದು. ಗಟ್ಟಿಯಾಗಿ."

ಎದ್ದು ನಿಂತೆ. ಗಟ್ಟಿಯಾಗಿ ಓದಿದೆ. ನನ್ನ ಹೆಸರು, ಅಪ್ಪನ ಹೆಸರು, ಊರು. ಬಂದೂಕು ತುಂಬಿದ್ದು ನಾನು ಎಂಬುದು. ಸುಳ್ಳು ಹೇಳಿದ್ದು ನಾನು ಎಂಬುದು. ವೀರಭದ್ರಾಚಾರ್ರ ಕೆಲಸದಲ್ಲಿ ಯಾವ ತಪ್ಪೂ ಇರಲಿಲ್ಲ ಎಂಬುದು. ಟೀ ಅಂಗಡಿಯಲ್ಲಿ ಲೋಟಗಳ ಸದ್ದು ನಿಂತಿತು. ಮೊಬೈಲ್ ಅಂಗಡಿಯವನು ಹೊರಗೆ ಬಂದ. ಒಬ್ಬರು ಸ್ಕೂಟರ್ ನಿಲ್ಲಿಸಿ ಕಾಲೂರಿ ಕೇಳಿಸಿಕೊಂಡರು. ಹಾರ್ಡ್‌ವೇರ್ ಅಂಗಡಿಯ ಮುದುಕ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಆಚಾರ್ರನ್ನೇ ನೋಡುತ್ತಿದ್ದ. ಆಚಾರ್ರು ಯಾರನ್ನೂ ನೋಡಲಿಲ್ಲ. ಅವರ ಅರ ಕುಡುಗೋಲಿನ ಮೇಲೆ ಓಡುತ್ತಲೇ ಇತ್ತು.

ಓದಿ ಮುಗಿಸಿ ಪತ್ರ ಮಡಿಸಿದೆ. ಅರ ನಿಂತಿತು.

"ಆ ಕಡೆ ಸಾಲ್ನೋರಿಗೆ ಕೇಳ್ಸಿಲ್ಲ," ಎಂದರು ಆಚಾರ್ರು. "ಇನ್ನೊಂದ್ಸಲ ಓದು."

ನಾನು ರಸ್ತೆಗಿಳಿದು, ಎದುರು ಸಾಲಿನ ಕಡೆ ಮುಖ ಮಾಡಿ ನಿಂತು, ಪತ್ರ ಬಿಡಿಸಿ ಮೊದಲಿನಿಂದ ಓದತೊಡಗಿದೆ.